ಗಂಗಮ್ಮನ ಡಬ್ಬಿ

ನಾಲ್ಕೇ ನಾಲ್ಕು ದಿನ ನಾನೂ ಮಿನಿಮಲಿಸ್ಟ್ ಆಗಿದ್ದೆ. ನಗಬೇಡಿ. ಸಿಗರೇಟು ಬಿಟ್ಟವರು, ಸಕ್ಕರೆ ಬಿಟ್ಟವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ನಾನು ಸಾಮಾನು ಬಿಟ್ಟವನು, ಹೇಳಿಕೊಳ್ಳಬಾರದೇ?

ಈ ಹುಚ್ಚು ಹತ್ತಿಸಿದ್ದು ನನ್ನ ಫೋನು. ಕಾಲುವೆ ಕಚೇರಿಯ ಗುಮಾಸ್ತನಿಗೆ ಅದು ಯಾಕೆ ಮನೆ ಅಲಂಕಾರದ ವಿಡಿಯೋ ತೋರಿಸಿತೋ ಗೊತ್ತಿಲ್ಲ. ಬಿಳಿ ಗೋಡೆ, ಒಂದು ಕುರ್ಚಿ, ಪಕ್ಕದಲ್ಲೊಂದು ಕುಂಡ, ಕುಂಡದಲ್ಲಿ ಒಂದೇ ಒಂದು ಒಣಕಡ್ಡಿ. ಗೋಡೆಯ ಮೇಲಿನ ಚಿತ್ರದಲ್ಲೂ ಒಂದೇ ಗೆರೆ. ಮನೆಗೆ ನಾಲ್ಕು ಜನ ಬಂದರೆ ಮೂವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ತಲೆ ಎತ್ತಿ ಹೊಸಪೇಟೆಯ ನಮ್ಮ ಹಾಲನ್ನು ನೋಡಿದೆ. ಸೋಫಾಕ್ಕೆ ಕವರು, ಆ ಕವರು ಹೊಲಸಾಗದಂತೆ ಅದರ ಮೇಲೊಂದು ಟವೆಲ್ಲು. ಫ್ರಿಜ್ಜಿಗೆ ಟೊಪ್ಪಿಗೆ. ಮೂರು ಅಂಗಡಿಗಳ ಮೂರು ಕ್ಯಾಲೆಂಡರು, ಮೂರರಲ್ಲೂ ಒಂದೇ ತಾರೀಕು. ಷೋಕೇಸಿನಲ್ಲಿ ಯಾರೂ ಎಂದೂ ಕುಡಿಯದ ಆರು ಗಾಜಿನ ಲೋಟ. ನನಗೆ ಉಸಿರು ಕಟ್ಟಿದಂತಾಯಿತು.

ಅದೇ ವಾರ ನನ್ನ ಹೆಂಡತಿ ಗಿರಿಜಾ ಕಂಪ್ಲಿಯ ಅಕ್ಕನ ಮನೆಗೆ ಹೋದಳು. ಭಾನುವಾರ ಬೇಸರವಾಗಿ ಹಂಪಿಗೆ ಹೋಗಿ ಬಜಾರಿನ ಒಂದು ಕಲ್ಲುಮಂಟಪದಲ್ಲಿ ಕೂತೆ. ನಾಲ್ಕು ಕಂಬ, ಮೇಲೊಂದು ಚಪ್ಪಡಿ, ನಡುವೆ ತಂಪು ಗಾಳಿ. ಷೋಕೇಸಿಲ್ಲ, ಟವೆಲ್ಲಿಲ್ಲ. ಎಂಥ ಸುಖ! ಚಹಾ ಮಾರುವಾಕೆಯ ಮುಂದೆ ಈ ಖಾಲಿತನವನ್ನು ಬಾಯಿತುಂಬ ಹೊಗಳಿದೆ. ಆಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಇದನ್ನ ಯಾರೂ ಬೇಕಂತ ಖಾಲಿ ಮಾಡಿಲ್ರಿ ಸರ. ಮುತ್ತು ರತ್ನ ಮಾರ್ತಿದ್ದ ಜಾಗ ಅಂತಾರ. ಎಲ್ಲಾ ಹೋತು, ಖಾಲಿ ಆತು," ಎಂದಳು. ಚಹಾ ಒಳಗೆ ಹೋಯಿತು, ಮಾತು ಹೋಗಲಿಲ್ಲ.

ನನ್ನ ತಲೆ ಆಗಲೇ ಗುಡಿಯೊಳಗಿದ್ದ ವಿರೂಪಾಕ್ಷನ ಕಡೆ ಓಡಿತ್ತು. ಲೋಕದ ಮೊದಲ ಮಿನಿಮಲಿಸ್ಟ್ ಅವನೇ ಅಲ್ಲವೇ? ಉಡಲು ಒಂದು ಚರ್ಮ, ಬಳಿದುಕೊಳ್ಳಲು ಬೂದಿ, ವಾಸಕ್ಕೆ ಸುಡುಗಾಡು. ಅವನ ಲಿಂಗಕ್ಕಿಂತ ಸರಳವಾದ ಶಿಲ್ಪವನ್ನು ಇವತ್ತಿನ ಯಾವ ಕಲಾವಿದ ಕಡೆದಾನು? ಆದರೆ ಆ ಪುಣ್ಯಾತ್ಮ ಪಂಪಾಂಬಿಕೆಯ ಕೈಹಿಡಿದ ಮೇಲೆ ಗೋಪುರ ಬಂತು, ಗಂಟೆ ಬಂತು, ಬೆಳ್ಳಿ ಬಂಗಾರ ಬಂತು, ಆನೆ ಕೂಡ ಬಂತು. ಹೆಂಡತಿ ಊರಲ್ಲಿಲ್ಲದಾಗಲೇ ಈ ಕೆಲಸ ಮುಗಿಸಬೇಕು ಎಂಬ ದುರ್ಬುದ್ಧಿ ನನಗೆ ಅಲ್ಲೇ ಹುಟ್ಟಿತು.

ಮರುದಿನ ರಜೆ ಹಾಕಿ ಅಡುಗೆಮನೆಯಿಂದ ಶುರು ಮಾಡಿದೆ. ಅಲ್ಲಿನ ಉದ್ದನೆಯ ಶೆಲ್ಫಿನಲ್ಲಿ ಸ್ಟೀಲಿನ ಡಬ್ಬಿ, ಬೋಗುಣಿ, ತಂಬಿಗೆ, ಚರಿಗೆ ಒಂದರೊಳಗೊಂದು ತೂರಿಕೊಂಡು ಸೂರು ಮುಟ್ಟಿದ್ದವು. ಇಬ್ಬರಿರುವ ಮನೆಗೆ ಇಷ್ಟೊಂದೇ? ಗಾಡಿ ತಳ್ಳಿಕೊಂಡು ಬಂದ ಗುಜರಿಯ ಖಾಜಾಸಾಬರಿಗೆ ಎರಡು ಚೀಲ ತುಂಬಿ ಕೊಟ್ಟೆ. "ಎಲ್ಲಾ ನಿಮ್ಮವೇ ಏನ್ರಿ ಸರ?" ಎಂದು ಒಂದು ಸಲ ಕೇಳಿದರು. "ನಮ್ಮನಿಯಾಗ ಇದ್ದದ್ದು ನಮ್ಮವಲ್ದ ಮತ್ಯಾರವು?" ಎಂದೆ. ಅವರು ಚೀಲಗಳನ್ನು ಗಾಡಿಗೆ ಏರಿಸಿದರು.

ಆ ಖಾಲಿ ಶೆಲ್ಫನ್ನು ಒರೆಸಿ, ಎದುರಿಗೆ ಕುರ್ಚಿ ಹಾಕಿಕೊಂಡು ನಾಲ್ಕು ದಿನ ನೋಡಿದ್ದೇ ನೋಡಿದ್ದು. ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ಅಡುಗೆ ಮಾಡುವುದೂ ಬೇಡವೆನಿಸಿ ಹೋಟೆಲಿನಲ್ಲಿ ಉಂಡೆ.

ಶುಕ್ರವಾರ ಗಿರಿಜಾ ಬಂದಳು. ಚಪ್ಪಲಿ ಬಿಟ್ಟು ಒಳಗೆ ಹೋದಳು. ಕೂಗಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಶರಣಮ್ಮಕ್ಕನ ಡಬ್ಬಿ ಎಲ್ಲೈತ್ರಿ?"

ಶರಣಮ್ಮಕ್ಕ ನಮ್ಮ ಎದುರು ಮನೆಯವರು. ಎರಡು ವರ್ಷದ ಹಿಂದೆ ಗಿರಿಜಾ ಡೆಂಗ್ಯೂ ಬಂದು ಮಲಗಿದಾಗ ನಾನು ಗಂಜಿ ಕಾಯಿಸಲು ಹೋಗಿ ಪಾತ್ರೆಯ ತಳ ಸುಟ್ಟಿದ್ದೆ. ಆ ವಾಸನೆಗೆ ಎದ್ದು ಬಂದ ಶರಣಮ್ಮಕ್ಕ ಅವತ್ತಿನಿಂದ ಅವಳು ಎದ್ದು ಓಡಾಡುವವರೆಗೆ ಎರಡು ಹೊತ್ತೂ ಊಟ ಕಳಿಸಿದರು. ಅವಳಿಗೆ ಮೆತ್ತನೆಯ ಅನ್ನ, ತಿಳಿಸಾರು. ನನಗೆ ಬಿಸಿರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಎಲ್ಲ ಬರುತ್ತಿದ್ದುದು ಆ ಒಂದು ಡಬ್ಬಿಯಲ್ಲಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: 'ಗಂಗಮ್ಮ, ಸಂಡೂರು'. ಗಂಗಮ್ಮ ಎಂದರೆ ಶರಣಮ್ಮಕ್ಕನ ತಾಯಿ, ಮಗಳ ಮದುವೆಯಲ್ಲಿ ಕೊಟ್ಟ ಡಬ್ಬಿ ಅದು. ಆ ತಾಯಿ ಈಗಿಲ್ಲ. ತವರಿನಿಂದ ಬಂದದ್ದರಲ್ಲಿ ಉಳಿದದ್ದು ಅದೊಂದೇ.

"ಅವ್ರ ಡಬ್ಬಿ ನಮ್ಮನಿಯಾಗ ಇನ್ನೂ ಯಾಕಿತ್ತು?" ಎಂದು ಮೆಲ್ಲಗೆ ಕೇಳಿದೆ.

"ಖಾಲಿ ಡಬ್ಬಿ ಹೆಂಗ ಕೊಡ್ಲಿ? ಏನರ ಛಲೋದು ಮಾಡಿ ತುಂಬಿ ಕೊಡೋಣಂತ ಇಟ್ಟಿದ್ದೆ. ಮನಿ ಸ್ವಚ್ಛ ಮಾಡೀರೋ, ಮಾನ ಸ್ವಚ್ಛ ಮಾಡೀರೋ?" ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಳು.

ನಮ್ಮ ಕಡೆಯ ಪದ್ಧತಿಯೇ ಅದು. ಬಂದ ಪಾತ್ರೆಯನ್ನು ಖಾಲಿ ಮರಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಐವತ್ತು ವರ್ಷ ಈ ಪದ್ಧತಿಯಲ್ಲೇ ಉಂಡು ಬೆಳೆದವನು ನಾನು. ಅದು ನನ್ನ ನೆನಪಿಗೇ ಬರಲಿಲ್ಲವಲ್ಲ! ಶರಣಮ್ಮಕ್ಕನಿಗೆ ಯಾವ ಮುಖ ತೋರಿಸಲಿ? ಎದುರು ಬಾಗಿಲು ತಪ್ಪಿಸಿ, ಕಳ್ಳನ ಹಾಗೆ ಹಿತ್ತಲಿನಿಂದ ಗುಜರಿ ಅಂಗಡಿಗೆ ಓಡಿದೆ.

"ಸಾಬ್ರ, ಆ ಚೀಲದಾಗಿನ ಡಬ್ಬಿ..." ಎನ್ನುವಷ್ಟರಲ್ಲಿ ಖಾಜಾಸಾಬರು ಎದ್ದರು. "ಬರ್ರಿ, ಕುಂದ್ರಿ. ನಿಮ್ಮ ದಾರೀನ ನೋಡ್ತಿದ್ದೆ," ಎಂದು ಒಳಗಿನ ಹಲಗೆ ತೋರಿಸಿದರು. ಸಾಲಾಗಿ ಪಾತ್ರೆಗಳು, ಎಲ್ಲದರ ಮೇಲೂ ಒಂದೊಂದು ಹೆಸರು. "ಹೆಸರಿದ್ದ ಸಾಮಾನು ಜಲ್ದಿ ಮುರಿಯಂಗಿಲ್ರಿ. ನಮ್ಮಪ್ಪನ ಕಾಲದಿಂದ ಹಂಗ. ಮನಿ ಗಂಡಸ್ರು ಕೊಟ್ಟಿದ್ರಂತೂ ಮೂರು ತಿಂಗಳು ಮುಟ್ಟಂಗೇ ಇಲ್ಲ."

ಗಂಗಮ್ಮನ ಡಬ್ಬಿ ಮೊದಲೇ ಕಣ್ಣಿಗೆ ಬಿತ್ತು. ನಮ್ಮ ಮನೆಯಿಂದ ಹೋದ ಉಳಿದ ಪಾತ್ರೆಗಳನ್ನೂ ಒಂದೊಂದಾಗಿ ಎತ್ತಿ ಓದಿದೆ. ಮಲಪನಗುಡಿಯಿಂದ ಅಲಸಂದಿ ತಂದುಕೊಡುವ ಈರಣ್ಣನ ಚರಿಗೆ. ಗಿರಿಜಾಳ ಅಕ್ಕನ ಬೋಗುಣಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ನೆರೆಯವರಾಗಿದ್ದು, ನಮ್ಮ ಮಗಳು ಹುಟ್ಟಿದಾಗ ಅಂಟಿನುಂಡಿ ಕಳಿಸಿದ್ದ ಮೇಸ್ತ್ರಿ ಮನೆಯವರ ಡಬ್ಬಿ. ಹೆಚ್ಚಿನವು ನಮ್ಮವೇ ಅಲ್ಲ! ನಮ್ಮ ಕಷ್ಟಕ್ಕೆ, ನಮ್ಮ ಸಂಭ್ರಮಕ್ಕೆ ಯಾರ್ಯಾರೋ ಏನೇನೋ ತುಂಬಿ ಕಳಿಸಿದವು. ಇಷ್ಟು ಜನ ನನಗೆ ಉಣಿಸಿದ್ದಾರೆ, ನಾನು ಅದನ್ನು ಅಡಚಣೆ ಎಂದು ಕರೆದೆನಲ್ಲ. ಖಾಜಾಸಾಬರ ಕೈಗಳನ್ನು ಹಿಡಿದುಕೊಂಡೆ. ಹೆಸರಿದ್ದ ಪಾತ್ರೆಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ ಮನೆಗೆ ಹೊತ್ತು ತಂದೆ.

ಗಿರಿಜಾ ಅವತ್ತೇ ಶೇಂಗಾ ಉಂಡಿ ಕಟ್ಟಿದಳು. ಡಬ್ಬಿ ತುಂಬಿಸಿಕೊಂಡು ಇಬ್ಬರೂ ರಸ್ತೆ ದಾಟಿದೆವು. ಶರಣಮ್ಮಕ್ಕ ಡಬ್ಬಿ ನೋಡಿ ಖುಷಿಯಾಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣದಾಯಿತು.

"ಯಾಕ ತಮ್ಮಾ, ಇಷ್ಟು ದಿನ ಇಟ್ಕೊಂಡವ್ರು ಈಗ ಯಾಕ ತಂದ್ರಿ? ನನ್ನಿಂದೇನರ ತಪ್ಪಾತೇನು?"

ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ: ಫೋನು, ಹಂಪಿ, ಗುಜರಿ. ತಲೆ ತಗ್ಗಿಸಿ ಬೈಗುಳಕ್ಕೆ ಕಾಯುತ್ತಿದ್ದರೆ, ಶರಣಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಅಯ್ಯ ಶಿವನ! ನಮ್ಮವ್ವ ಸಂಡೂರು ಬಿಟ್ಟು ಎಲ್ಲೂ ತಿರುಗಿದಾಕಿ ಅಲ್ಲ. ಅಕಿ ಡಬ್ಬಿ ಗಾಡಿ ಹತ್ತಿ ಊರೆಲ್ಲಾ ನೋಡಿ ಬಂತು!"

ನಕ್ಕು ಮುಗಿಸಿ ಒಳಗೆ ಹೋದರು. ಉಂಡಿಗಳನ್ನು ತಟ್ಟೆಗೆ ಸುರುವಿದ ಸದ್ದು ಕೇಳಿತು. ಹೊರಗೆ ಬಂದಾಗ ಡಬ್ಬಿ ಮತ್ತೆ ತುಂಬಿತ್ತು, ಈ ಸಲ ಮಾವಿನಕಾಯಿ ಉಪ್ಪಿನಕಾಯಿ. "ತುಂಬಿ ಕಳಸಾಕಂತನ ನಮ್ಮವ್ವ ಕೊಟ್ಟಾಳ, ನನ್ನ ಮನಿಯಾಗ ತೊಳದು ಬೋರಲ ಹಾಕಾಕಲ್ಲ. ಒಯ್ರಿ. ಜಲ್ದಿ ತಂದ್ರ ನೋಡ್ರಿ ಮತ್ತ!"

ಉಳಿದ ಪಾತ್ರೆಗಳನ್ನು ಗಿರಿಜಾ ಒಂದೊಂದಾಗಿ ತುಂಬಿಸಿ ಅವರವರ ಮನೆಗೆ ಕಳಿಸಿದಳು. ಹೊತ್ತು ತಲುಪಿಸಿದ್ದು ನನಗೆ ವಿಧಿಸಿದ ಶಿಕ್ಷೆ. ಹೆಸರಿಲ್ಲದ ನಮ್ಮವು ಆಗಲೇ ಗುಜರಿಯಲ್ಲಿ ಮುರಿದುಹೋಗಿದ್ದವು. ಹಾಗಾಗಿ ಸದ್ಯಕ್ಕೆ ನಮ್ಮ ಶೆಲ್ಫು ಫೋನಿನ ವಿಡಿಯೋದಲ್ಲಿ ಇದ್ದಂತೆಯೇ ಇದೆ. ಇಷ್ಟುದ್ದದ ಖಾಲಿ ಜಾಗ, ನಡುವೆ ಒಂದೇ ಒಂದು ಡಬ್ಬಿ. ಅದೂ ನಮ್ಮದಲ್ಲ.