ಅಕ್ಕೋರ ಹೊಂಗೆ ಎಣ್ಣೆ, ನನ್ನ ಜೀಪು

ಕಳೆದ ವಾರ ಹುಮನಾಬಾದಿನ ಬಸ್ ನಿಲ್ದಾಣದ ಎದುರು ನಿಂತಿದ್ದೆ. ಆಗಷ್ಟೇ ಹೊರಟ ಬಸ್ಸೊಂದರ ಹೊಗೆ ಮೂಗಿಗೆ ಬಡಿಯಿತು. ಬರಿಯ ಡೀಸೆಲಿನ ಕಮಟಲ್ಲ, ಭಜಿ ಕರಿಯುವ ಬಾಣಲೆಯ ವಾಸನೆ. ಗಿಡದೆಣ್ಣೆಯ ಇಂಧನ ಬೆರೆಸಿದ ಡೀಸೆಲ್ ಸುಟ್ಟರೆ ಹಾಗೆ ಬರುತ್ತದೆ. ನನಗೆ ಅಕ್ಕೋರು ನೆನಪಾದರು...

ಅಕ್ಕೋರು ನಮ್ಮ ಎದುರು ಮನೆಯವರು. ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಅವರು ಮಕ್ಕಳಿಂದ ಹಚ್ಚಿಸಿದ್ದ ಹೊಂಗೆ ಗಿಡಗಳು ಶಾಲೆಯ ತುಂಬ ಕಾಯಿ ಉದುರಿಸುತ್ತಿದ್ದವು. ಅದನ್ನೆಲ್ಲ ಗುಡಿಸಿ ಸುಡುವುದನ್ನು ಅವರು ಸಹಿಸುತ್ತಿರಲಿಲ್ಲ. ಬೀಜ ಆರಿಸಿ ಗಾಣಕ್ಕೆ ಹಾಕಿಸಿ, ಆ ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹದವಾಗಿ ಕಾಯಿಸುತ್ತಿದ್ದರು. ತಳಕ್ಕಿಳಿದ ಗ್ಲಿಸರಿನ್ ಬೇರೆ ಮಾಡಿ, ಮೇಲಿನ ತಿಳಿಯನ್ನು ನೀರಲ್ಲಿ ತೊಳೆದು ಒಣಗಿಸಿದರೆ ಜೇನಿನ ಬಣ್ಣದ ಇಂಧನ. ನಾಲ್ಕು ಪಾಲು ಡೀಸೆಲಿಗೆ ಅದು ಒಂದು ಪಾಲು. ವರ್ಷಗಟ್ಟಲೆ ಕೈ ಸುಟ್ಟುಕೊಂಡು ಕಂಡುಕೊಂಡ ಲೆಕ್ಕ.

ನಾನಾಗ ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ಜೀಪು ಓಡಿಸುತ್ತಿದ್ದೆ. ಅದರಲ್ಲಿ ಹಾಕಿ ನೋಡೋಣ ಎಂದು ಅವರು ಕೇಳಿದಾಗ ಒಪ್ಪಿದೆ. ಮುಡಬಿಯ ಸಾಹುಕಾರರೊಬ್ಬರು, ಜೀಪು ಸರಿಯಾಗಿ ಓಡಿದರೆ ತಮ್ಮ ಎರಡೂ ಟ್ರ್ಯಾಕ್ಟರಿಗೆ ಅದನ್ನೇ ಹಾಕುವುದಾಗಿ ಹೇಳಿದ್ದರು. ಅಕ್ಕೋರಿಗೆ ಅದೇ ದೊಡ್ಡ ಆಸೆಯಾಗಿತ್ತು.

"ತಮ್ಮಾ, ಮೊದಲ ಟ್ಯಾಂಕ್ ತೊಳಸು. ಹಳೇ ಹೊಲಸನ್ನೆಲ್ಲ ಈ ಎಣ್ಣಿ ಎಬ್ಬಸ್ತದ, ಫಿಲ್ಟರ್ ಕಟ್ಟತದ. ಹೊಸಾ ಫಿಲ್ಟರ್ ಹಾಕಸು, ಮರೀಬ್ಯಾಡ" ಎಂದು ಎರಡು ಸಲ ಹೇಳಿದ್ದರು. ಹೂಂ ಎಂದಿದ್ದೆ. ಮದುವೆಯ ಸುಗ್ಗಿ, ಒಂದು ದಿನ ಗಾಡಿ ನಿಲ್ಲಿಸಲು ಮನಸ್ಸಾಗಲಿಲ್ಲ. ಟ್ಯಾಂಕು ತೊಳೆಸಲಿಲ್ಲ, ಫಿಲ್ಟರೂ ಬದಲಿಸಲಿಲ್ಲ.

ಮೊದಲ ಮೂರು ದಿನ ಜೀಪು ಹಗುರಾಗಿ ಓಡಿತು. ಹೊಗೆ ಕಡಿಮೆ, ಸದ್ದೂ ಮೆತ್ತಗೆ. ನಾಲ್ಕನೇ ದಿನ ಅದೇ ಸಾಹುಕಾರರ ತಂಗಿಯ ಮಗಳ ಮದುವೆ ಬಸವಕಲ್ಯಾಣದಲ್ಲಿ. ಮಾಣಿಕನಗರದ ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಅವರು ಮನೆಯವರೊಂದಿಗೆ ನನ್ನ ಜೀಪು ಹತ್ತಿದರು. ಇಂಜಿನ್ ನೋಡಿಕೊಳ್ಳಲು ಅಕ್ಕೋರೂ ಮುಂದಿನ ಸೀಟಿನಲ್ಲಿ ಕುಳಿತರು.

ಅರ್ಧ ದಾರಿಯಲ್ಲಿ ಜೀಪು ಎರಡು ಸಲ ಜಗ್ಗಿ ನಿಂತಿತು. ಏನು ಮಾಡಿದರೂ ಏಳಲಿಲ್ಲ. ಬಿಸಿಲು ಏರುತ್ತಿತ್ತು, ದಾರಿಯಲ್ಲಿ ಬಂದ ಗಾಡಿಗಳೆಲ್ಲ ತುಂಬಿದ್ದವು.

"ಅಕ್ಕಿಕಾಳಿಗೆ ಸೋದರಮಾವನೇ ಇಲ್ಲಂದ್ರ ಹ್ಯಾಂಗ? ಏನ್ ಸುರದೀರಿ ಇದರಾಗ?" ಸಾಹುಕಾರರು ಅಕ್ಕೋರ ಮೇಲೆ ಕೂಗಾಡಿದರು.

ಅಕ್ಕೋರು ನನ್ನ ಕಡೆ ತಿರುಗಿದರು. "ಫಿಲ್ಟರ್ ಬದಲಿ ಮಾಡಿಸಿದ್ದಿ, ಹೌದಲ್ಲೋ ತಮ್ಮಾ?"

"ಮಾಡಿಸೀನ್ರಿ ಅಕ್ಕೋರೆ" ಅಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಬಳಿಕ ಸಾಹುಕಾರರಿಗೆ ಹೇಳಿದರು: "ಹಂಗಾದ್ರ ತಪ್ಪು ನಂದೇ ಅದರಿ."

ಕೊನೆಗೊಂದು ಲಾರಿ ಸಿಕ್ಕು ಸಾಹುಕಾರರು ತಲುಪುವ ಹೊತ್ತಿಗೆ ಅಕ್ಕಿಕಾಳು ಬಿದ್ದು ಮದುವೆ ಮುಗಿದಿತ್ತು. ಸಂಜೆ ಗ್ಯಾರೇಜಿನಲ್ಲಿ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕರಿ ರಾಡಿ. ನನ್ನದೇ ಟ್ಯಾಂಕಿನ ಹಳೆಯ ಹೊಲಸು. ಎಣ್ಣೆಯಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಮತ್ತೆ ಯಾರೂ ಆ ಎಣ್ಣೆ ಮುಟ್ಟಲಿಲ್ಲ. ಅಕ್ಕೋರು ಶೆಡ್ಡಿಗೆ ಬೀಗ ಹಾಕಿದರು. ಎದುರಾದಾಗಲೆಲ್ಲ "ಆರಾಮ ಇದ್ದಿ ಏನಪಾ?" ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ... ಹೇಳಬೇಕೆಂದು ಎಷ್ಟೋ ಸಲ ಅವರ ಕಟ್ಟೆಯವರೆಗೆ ಹೋಗಿ ಹಿಂದಿರುಗಿದ್ದೇನೆ. ಎರಡು ವರ್ಷದ ಹಿಂದೆ ಅವರು ತೀರಿಹೋದರು.

ಆ ಬಸ್ಸು ಹೋದ ಮರುದಿನ ಮುಡಬಿಗೆ ಹೋದೆ. ಸಾಹುಕಾರರಿಗೆ ವಯಸ್ಸಾಗಿದೆ. ಎಲ್ಲವನ್ನೂ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಅಂದದ್ದು ಬೇರೆ: "ಆಮ್ಯಾಲ ಒಮ್ಮೆ ಅಕ್ಕೋರು ಹುಮನಾಬಾದ್ ಬಜಾರದಾಗ ಸಿಕ್ಕಿದ್ರು. ತಪ್ಪಾತ್ರಿ ಅಂತ ಕೈ ಮುಗದ್ರು. ನಾ ಮಾರಿ ತಿರುವಿ ಹೋದೆ."

ಹೇಳಿ ಹಗುರಾಗಬೇಕೆಂದು ಹೋಗಿದ್ದೆ. ಆ ಮುದುಕರು ಕಣ್ಣೊರೆಸಿಕೊಳ್ಳುವುದನ್ನು ನೋಡುತ್ತ ಅವರ ಅಂಗಳದಲ್ಲಿ ಕುಳಿತೆ. ಕ್ಷಮೆ ಕೇಳಲು ನಮ್ಮಿಬ್ಬರಿಗೂ ಈಗ ಅಕ್ಕೋರೇ ಇಲ್ಲ.