ಕ್ಲಚ್ಚಿಗೆ ಬೂದಿ ಹಾಕಲೊಲ್ಲದ ರಸೂಲ

ಹೊರಡುವಾಗ ಗಾಡಿ ಜಗ್ಗಿದರೆ ಅದು ರಸ್ತೆಯ ತಪ್ಪಲ್ಲ, ಯಾರ ದೃಷ್ಟಿಯೂ ಅಲ್ಲ. ಗಾಡಿಯೊಳಗೆ ಏನೋ ಕೆಟ್ಟಿದೆ. ಇಷ್ಟು ಗೊತ್ತಿದ್ದೂ ನಾವು ಬಂಪರಿಗೆ ನಿಂಬೆಹಣ್ಣು ಕಟ್ಟುತ್ತೇವೆ.

ಎಂಬತ್ತರ ದಶಕದಲ್ಲಿ ಆಳಂದ–ಸರಸಂಬಾ ನಡುವೆ ಸಾವಕಾರ ಹಣಮಂತರಾಯರ ಪ್ಯಾಸೆಂಜರ್ ಜೀಪು ಹೊಡೆಯುತ್ತಿದ್ದವ ರಸೂಲ. ಎಣ್ಣೆ ತಡೆಯುವ ಇಂಜಿನ್ನಿನ ಸೀಲು ಸೋರಿ ಎಣ್ಣೆ ಕ್ಲಚ್ ಪ್ಲೇಟಿಗೆ ಇಳಿಯುತ್ತಿತ್ತು. ಎಣ್ಣೆ ಕುಡಿದ ಪ್ಲೇಟು ಜಾರುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಅದಕ್ಕೆ ನಮ್ಮ ಕಡೆಯ ಡ್ರೈವರುಗಳ ಮದ್ದು ಒಂದೇ: ಚಹಾದಂಗಡಿಯ ಒಲೆಯಿಂದ ಹಿಡಿ ಬೂದಿ ತಂದು ಕ್ಲಚ್ಚಿನ ಕಿಂಡಿಯೊಳಗೆ ಎರಚುವುದು. ಸ್ವಲ್ಪ ದಿನ ಪ್ಲೇಟು ಜಾರದೆ ಹಿಡಿಯುತ್ತದೆ. ಆಮೇಲೆ ಎಣ್ಣೆ, ಬೂದಿ ಸೇರಿ ಅಂಟಾಗಿ, ಪೆಡಲು ಬಿಟ್ಟೊಡನೆ ಗಾಡಿ ಗಕ್ಕನೆ ಜಿಗಿಯುತ್ತದೆ. ರಸೂಲನೂ ಹಾಗೆ ಎರಚಿದವನೇ.

"ಏನ್ಲೇ ರಸೂಲ, ಜೀಪ್ ಹೊಡಿಯಾಕತ್ತಿಯೋ, ಹೋರಿ ಬೆದರಸಾಕತ್ತಿಯೋ?" ಎಂದು ಜನ ನಗುತ್ತಿದ್ದರು.

ಒಂದು ಸಂತೆಯ ದಿನ ಅದೇ ಜಿಗಿತಕ್ಕೆ, ಹಿಂದಿನ ಪಾವಟಿಗೆಯ ಮೇಲೆ ಕಾಲಿಟ್ಟಿದ್ದ ಸುಭದ್ರಾಬಾಯಿ ಬಿದ್ದು ಕೈ ಮುರಿದುಕೊಂಡರು. ನಗು ನಿಂತಿತು. ಮರುದಿನ ಸಾವಕಾರರು ಸ್ಟ್ಯಾಂಡಿಗೆ ಬಂದರು.

"ಸುಗ್ಗಿ ಟೈಮ್ ಐತಿ. ಒಂದ್ ಹಿಡಿ ಬೂದಿ ಹಾಕಿ ಹೊಡಿಲೇ."

"ಇನ್ ಹಾಕಂಗಿಲ್ರಿ ಸಾವಕಾರ್ರ. ಸೀಲ್ ಬದಲಿ ಮಾಡಸ್ರಿ, ಹೊಸಾ ಪ್ಲೇಟ್ ಹಾಕಸ್ರಿ. ಇಲ್ಲಾಂದ್ರ ಚಾವಿ ತಗೋರಿ."

"ಚಾವಿ ಕೊಟ್ಟು ಮನ್ಯಾಗ ಏನ್ ತಿಂತಿ?"

"ಅದು ನನ್ ಫಿಕರ್ರಿ."

ಅವನಿಗೆ ಬೇರೆ ನೌಕರಿ ಇರಲಿಲ್ಲ. ಸಾವಕಾರರು ಚಾವಿ ಕಸಿದು, ಜನ ತುಂಬಿದ್ದ ಜೀಪಿನ ಸ್ಟೇರಿಂಗಿಗೆ ತಾವೇ ಕುಳಿತರು. ಜೀಪು ಜಿಗಿದು ನಿಂತಿತು. ಆಸ್ಪತ್ರೆಯಿಂದ ಊರಿಗೆ ಹೊರಟಿದ್ದ ಸುಭದ್ರಾಬಾಯಿ, ಕೊರಳಿಗೆ ಕೈ ತೂಗಿಹಾಕಿಕೊಂಡು ಅಲ್ಲೇ ನಿಂತಿದ್ದರು.

"ರಿಪೇರಿ ಮಾಡ್ಸಿ ರಸೂಲಗ ಚಾವಿ ಕೊಡ್ರಿ ಸಾವಕಾರ್ರ! ಅಲ್ಲೀತನ ನಾ ಹತ್ತಂಗಿಲ್ಲ. ಏ, ಒಳಗ ಕುಂತಾವ್ರ, ಇಳೀರಿ. ನಿಮಗೂ ಕೈ ಮುರ್ಕೋಬೇಕಂತ ಆಸೆ ಐತೇನು?"

ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಖಾಲಿ ಜೀಪಿನಲ್ಲಿ ಸಾವಕಾರರೊಬ್ಬರೇ ಉಳಿದರು. ಆ ವಾರವೇ ಜೀಪು ಗುಲಬರ್ಗಾದ ಗ್ಯಾರೇಜಿಗೆ ಹೋಯಿತು. ಮರಳಿ ಬಂದಾಗ ಚಾವಿ ರಸೂಲನ ಕೈಗೇ ಬಂತು. ಅವನು ಪೆಡಲು ಬಿಟ್ಟರೆ ಹಿಂದೆ ಕುಳಿತವರಿಗೆ ಗಾಡಿ ಹೊರಟದ್ದೇ ತಿಳಿಯುತ್ತಿರಲಿಲ್ಲ.

ಹಾರಕ್ಕೆ ಕೊರಳೊಡ್ಡಿ ವೇದಿಕೆ ಹತ್ತುವವರನ್ನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ತಾಲೂಕಿನ ಹೆಮ್ಮೆ ಯಾರೆಂದರೆ ನಾನು ರಸೂಲನ ಹೆಸರು ಹೇಳುತ್ತೇನೆ. ಈಗ ಕ್ಲಚ್ ಪೆಡಲೇ ಇಲ್ಲದ ಕಾರುಗಳು ಮುಂಬೈಯಿಂದ ಬರುತ್ತಿವೆ. ಗೇರ್‌ಬಾಕ್ಸಿನ ಎಣ್ಣೆ ಕೆಟ್ಟರೆ, ಇಂಜಿನ್ನಿನ ಕೆಳಗಿನ ರಬ್ಬರು ಸವೆದರೆ ಅವೂ ಜಗ್ಗುತ್ತವೆ. ಮದ್ದು ಅಲ್ಲಿಯೂ ಅದೇ: ಕೆಟ್ಟದ್ದನ್ನು ತೆಗೆದು ಬದಲಿಸುವುದು.

ಗಾಡಿ ಜಗ್ಗಿದಾಗ ಸರಳು ಹಿಡಿದುಕೊಂಡು ಸುಮ್ಮನೆ ಕೂರಬೇಡಿ. ಇಳಿಯಿರಿ. ಪಕ್ಕದವರನ್ನೂ ಇಳಿಸಿರಿ.