ಹುಕ್ಕೇರಿ ಹಿಡಿದ ಸೊಲ್ಲು

ಯಮಕನಮರಡಿಯಿಂದ ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ಗುಡ್ಡದ ಬುಡಕ್ಕೆ ಹತ್ತು ಹನ್ನೆರಡು ಮನೆಗಳ ಕುರುಬರ ವಸತಿ ಸಿಗುತ್ತದೆ. ಅಲ್ಲಿಯ ಸೀತವ್ವ ಸತ್ತವರ ಮುಂದೆ ಅಳುವುದರಲ್ಲಿ ಸುತ್ತಲಿನ ಊರಿಗೆಲ್ಲ ಹೆಸರಾದವಳು. ಅಳು ಎಂದರೆ ಬರೀ ಕಣ್ಣೀರಲ್ಲ. ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವನನ್ನು ಹೆಸರು ಹಿಡಿದು ಕರೆದು, ಅವನು ತೋಡಿಸಿದ ಬಾವಿ, ಸಾಕಿದ ಎತ್ತು, ಮುರಿದ ಮಾತು, ಉಳಿಸಿಕೊಂಡ ಮಾತು ಎಲ್ಲವನ್ನೂ ಒಂದೊಂದಾಗಿ ಎತ್ತಿ ಆಡುತ್ತಾರೆ. ಸೀತವ್ವ ಬಾಯಿ ತೆರೆದಳೆಂದರೆ, ಹೊಲದ ಬದುವಿಗಾಗಿ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರೂ ಒಂದೇ ಕಂಬಳಿಯ ಮೇಲೆ ಕೂತುಬಿಡುತ್ತಿದ್ದರು.

ಆ ಧ್ವನಿ ಎಲ್ಲಿಂದ ಬಂತೆಂದರೆ, ಹಳ್ಳದ ಈಚೆ ನಿಂತು ಆಚೆಯ ಕುರಿಗಳನ್ನು ಕರೆದು ಕರೆದು ಬಂದದ್ದು. ಗಂಡ ಮಾಲಿಂಗಪ್ಪ ಹೇಳುತ್ತಿದ್ದ: "ಕುರಿ ಕರ್ಯಾಕ ಅಂತ ದೇವ್ರು ಕೊಟ್ಟ ಗಂಟಲಾ. ಈಕಿ ಹೆಣದ ಮುಂದ ಖರ್ಚ ಮಾಡ್ತಾಳ. ನಮ್ಮ ಕುರಿ ಈಗ ನನ್ನ ಸೀಟಿಗೆ ಬರ್ತಾವ, ಬರದಿದ್ರ ಇಲ್ಲ."

ಸೀತವ್ವನಿಗೆ ಒಂದು ಕಟ್ಟು ಇತ್ತು. ಅಳುವಿನಲ್ಲಿ ಜೀವಂತ ಇರುವವರ ಹೆಸರು ತಪ್ಪಿಯೂ ಬರಬಾರದು. ಬಂದರೆ ಆ ಜೀವಕ್ಕೆ ತಟ್ಟುತ್ತದೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳ ನಾಲಿಗೆ ಜಾರಿರಲಿಲ್ಲ. ಅವಳ ಹೆಮ್ಮೆ ಅಂದರೆ ಅದೇ.

ಅಂಥವಳ ಅಂಗಳಕ್ಕೆ ಒಂದು ದಿನ ಜೀಪು ಬಂತು. ಇಳಿದವನು ಭೀಮೇಶ, ಯಮಕನಮರಡಿಯ ಹೈವೇ ಮೇಲಿನ ಟೈರು ಅಂಗಡಿಯವರ ಮಗ. ಸಿನಿಮಾ ತೆಗೆಯುತ್ತಿದ್ದ. ಹೆಸರು "ಆಚೀ ದಂಡಿ". ಕತೆ ಇಷ್ಟು: ಘಟಪ್ರಭೆಯ ಈಚೆ ದಂಡೆಯಲ್ಲಿ ಒಬ್ಬ ಮಾಸ್ತರ. ಮದುವೆಯಾದ ವರ್ಷವೇ ಹೆಂಡತಿ ತೀರಿಕೊಳ್ಳುತ್ತಾಳೆ. ಸತ್ತವರೆಲ್ಲ ಹೊಳೆಯ ಆಚೆ ದಂಡೆಯಲ್ಲಿ ಮನೆ ಮಾಡಿಕೊಂಡಿರುತ್ತಾರೆ. ಹುಣ್ಣಿಮೆ ಹುಣ್ಣಿಮೆಗೆ ಇವನು ತೆಪ್ಪ ಹಾಕಿಕೊಂಡು ಅವಳನ್ನು ಕಾಣಲು ಹೋಗುತ್ತಾನೆ.

"ಆಯಿ, ಅಕಿ ಸತ್ತಾಗ ನೀವು ಅಳಬೇಕು," ಅಂದ ಭೀಮೇಶ.

"ಹುಡುಗಿ ಯಾರು?"

"ಮೂಡಲಗಿಯಾಕಿ, ದಾನೇಶ್ವರಿ ಅಂತ. ಅರಭಾವಿ ಕಾಲೇಜಿನ್ಯಾಗ ತ್ವಾಟಗಾರಿಕಿ ಕಲ್ತಾಳ. ನಾಟಕ ಚಲೋ ಮಾಡ್ತಾಳ."

"ಜೀವಂತ ಅದಾಳೋ?"

ಭೀಮೇಶನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಅದಾಳ್ರಿ. ಹೊರಗ ಗಾಡ್ಯಾಗ ಕುಂತು ಶೇಂಗಾ ತಿನ್ನಾಕತ್ತಾಳ."

"ಹಂಗಾರ ನನ್ನ ಕಡಿಂದ ಆಗೂದಿಲ್ಲ."

"ಸಿನಿಮಾದಾಗ ಹೆಸರ ಬ್ಯಾರೆ ಐತಿ, ಆಯಿ."

"ಹೆಸರ ಬ್ಯಾರೆ. ಮಾರಿ ಅಕಿದ ಅಲ್ಲೇನು?"

ಇಷ್ಟರಲ್ಲಿ ದಾನೇಶ್ವರಿಯೇ ಒಳಗೆ ಬಂದಳು. ಕೈಯಲ್ಲಿ ಇನ್ನೂ ಶೇಂಗಾ. ಕಂಬಳಿಯ ಮೇಲೆ ಕೂತು ನೇರ ಹೇಳಿದಳು: "ನಾ ಸತ್ತದ್ದನ್ನ ಮಂದಿ ನಂಬಬೇಕು ಆಯಿ. ನಂಬದಿದ್ರ ಅಂವಾ ಹೊಳಿ ದಾಟೂದು ಹುಚ್ಚಾಟ ಕಾಣ್ತೈತಿ. ನಾನೂ ಅತ್ತ ನೋಡೇನಿ, ನನ್ನ ಗೆಳತ್ಯಾರೂ ಅತ್ತ ನೋಡ್ಯಾರ. ಎಲ್ಲಾ ಹಲ್ಲ ನೋವ ಬಂದಾರಂಗ ಕಾಣ್ತೈತಿ."

ಮಾಲಿಂಗಪ್ಪ ಕಟ್ಟೆಯ ಮೇಲೆ ಕೂತು ನಕ್ಕ. ಸೀತವ್ವ ನಗಲಿಲ್ಲ. ಹುಡುಗಿಯ ಮುಖ ನೋಡುತ್ತ ಕೇಳಿದಳು: "ಸತ್ತ ಮ್ಯಾಲೆ ಆಚೀ ದಂಡ್ಯಾಗ ಏನ ಮಾಡ್ತೀ?"

"ಮನಿ ಮಾಡ್ತೇನಿ. ಒಲಿ ಹಚ್ಚಿ ಗಂಡನ ಹಾದಿ ನೋಡ್ತೇನಿ."

"ಮನಿ ಮಾಡಾಕ ಹೋಗಾಕಿ ಮುಂದ ಯಾರರ ಹೆಣದ ಅಳು ಅಳತಾರೇನು? ಅಕಿನ್ನ ಒಪ್ಪಿಸಿ ಕಳಸ್ತಾರ," ಅಂದಳು ಸೀತವ್ವ. "ಬರ್ತೇನಿ ತಡಿ."

ಹೀಗೆ ಅವಳು ಸಾವಿಗೆ ಮದುವೆಯ ಹಾಡು ಹಾಕಿದಳು. ಮಗಳನ್ನು ಗಂಡನ ಮನೆಗೆ ಒಪ್ಪಿಸಿ ಕಳಿಸುವಾಗ ಹೆಂಗಸರು ಹಾಡುತ್ತಾರಲ್ಲ, ಆ ಧಾಟಿ. ಸೊಲ್ಲು, ಅಂದರೆ ನುಡಿ ನುಡಿಗೂ ತಿರುಗಿ ಬರುವ ಸಾಲು, ಹಳೆಯದು; ಈ ಸೀಮೆಯ ಹೆಣ್ಣುಮಕ್ಕಳಿಗೆಲ್ಲ ಬರುವಂಥದ್ದು. ನುಡಿಗಳನ್ನು ಮಾತ್ರ ಅವಳು ಹೊಳೆಯ ದಂಡೆಯಲ್ಲಿ ನಿಂತು ಆಗಿಂದಾಗ ಕಟ್ಟಿದಳು.

ಗೋಕಾಕದ ಈಚೆ, ಹೊಳೆಯ ಮರಳಿನ ಮೇಲೆ ಬೆಳಿಗ್ಗೆ ಶೂಟಿಂಗು. ದಾನೇಶ್ವರಿ ಹಸಿರು ಸೀರೆಯುಟ್ಟು ಕಣ್ಣು ಮುಚ್ಚಿ ಮಲಗಿದ್ದಳು. ಸುತ್ತ ನಲವತ್ತು ಹೆಂಗಸರು. ಸೀತವ್ವ ಶುರು ಮಾಡಿದಳು:

ಒಲಿಯ ಬೆಂಕಿ ಸೆರಗಿನ್ಯಾಗ ಕಟ್ಟಿ ಕೊಟ್ಟೇನ,
ಉಪ್ಪು ಮರತೀದಿ ಅಂದ್ರ ಹೊಳಿಯ ಕೇಳವ್ವ.
ತೆಪ್ಪ ಬಂದೈತಿ, ಏರ ನನ ಮಗಳ.

ನಾಲ್ಕು ನುಡಿ ಮುಗಿಯುವಷ್ಟರಲ್ಲಿ ಭೀಮೇಶ ಕಣ್ಣೊರೆಸಿಕೊಳ್ಳುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೀತವ್ವ ಮಾತ್ರ ಬೆವತು ನಿಂತಿದ್ದಳು. ಯಾಕೆಂದರೆ ಒಪ್ಪಿಸುವ ಹಾಡಿಗೆ ಒಂದು ರೀತಿ ಇದೆ. ಒಬ್ಬಾಕೆ ನುಡಿ ಎತ್ತಿದರೆ ನೆರೆದವರು ಸೊಲ್ಲು ಹಿಡಿಯಬೇಕು, "ತೆಪ್ಪ ಬಂದೈತಿ" ಎಂದು ತಿರುಗಿ ಹಾಡಬೇಕು. ಅಳುವಿಗೆ ಯಾರೂ ಸೊಲ್ಲು ಹಿಡಿಯುವುದಿಲ್ಲ, ಅವರವರ ದುಃಖ ಅವರವರಿಗೆ. ಸೊಲ್ಲು ಹಿಡಿದರೆ ಅದು ಮದುವೆ, ಹಿಡಿಯದಿದ್ದರೆ ಸಾವು. ಪ್ರತಿ ನುಡಿಯ ಕೊನೆಗೆ ಅವಳು ಸೊಲ್ಲಿಗೆಂದು ಜಾಗ ಬಿಟ್ಟಿದ್ದಳು. ಆದರೆ ಧ್ವನಿ ಹಿಡಿಯುವ ಯಂತ್ರದವನು ಮೊದಲೇ ತಾಕೀತು ಮಾಡಿದ್ದ, ಆಯಿ ಬಿಟ್ಟು ಇನ್ನೊಬ್ಬರು ತುಟಿ ಬಿಚ್ಚಬಾರದು ಎಂದು. ನಲವತ್ತು ಹೆಂಗಸರೂ ಸೆರಗು ಕಚ್ಚಿ ನಿಂತಿದ್ದರು.

"ಅವರ ಬಾಯಿ ಕಟ್ಟದ ಇನ್ನೊಮ್ಮಿ ತಗಿ," ಅಂದಳು.

"ಬ್ಯಾಡ ಆಯಿ. ನಡುವಿನ ಖಾಲಿ ಜಾಗ ಭಾಳ ಚಂದ ಬಂದೈತಿ. ಗಾಳಿ ಸಪ್ಪಳ ಕೇಳಾಕತ್ತೈತಿ."

"ಗಾಳಿ ಸೊಲ್ಲ ಹಿಡೀತೇನೋ?"

ಬಿಸಿಲು ಏರಿತ್ತು, ಭೀಮೇಶ ಸಾಮಾನೆಲ್ಲ ಗಾಡಿಗೆ ಹತ್ತಿಸಿದ್ದ. ಸೀತವ್ವ ಮನೆಗೆ ಬಂದಳು. ಹಾಡು ಸೊಲ್ಲಿಲ್ಲದೆ ಉಳಿದಿದೆ. ಅಂದಮೇಲೆ ತಾನು ಮಾಡಿದ್ದು ಅಳುವೇ, ಅದೂ ಶೇಂಗಾ ತಿನ್ನುವ ಹುಡುಗಿಯ ಮೇಲೆ.

ಅಂದಿನಿಂದ ಸೋಮವಾರಕ್ಕೊಮ್ಮೆ ಮೂಡಲಗಿಗೆ ಫೋನು. ಕೇಳುವುದು ಒಂದೇ ಮಾತು: "ಉಂಡ್ಯಾ?"

"ಇನ್ನೂ ಸತ್ತಿಲ್ಲ ಆಯಿ," ಅನ್ನುವಳು ದಾನೇಶ್ವರಿ.

"ನಿನ್ನ ಬಾಯಾಗ ಬೂದಿ ಬೀಳ್ಲಿ. ಉಂಡ್ಯಾ ಅಂದ್ರ ಉಂಡೇನಿ ಅನ್ನಬೇಕು."

ಮಾಲಿಂಗಪ್ಪ ಉಪಾಯ ಹೇಳಿದ: "ನೀನ ಸೊಲ್ಲ ಹಿಡಕೊಂಬಿಡು, ಮುಗೀತು."

"ತನ್ನ ಹಾಡಿಗೆ ತಾನ ಸೊಲ್ಲ ಹಿಡದ್ರ ಅದು ಹುಣಸಿಮರದ ದೆವ್ವದ ಹಾಡ ಆಗ್ತೈತಿ," ಅಂದಳು. ಬೇರೆಯವರನ್ನು ಕೇಳಿ ಹಿಡಿಸುವಂತೆಯೂ ಇಲ್ಲ. ಸೊಲ್ಲು ತಾನಾಗಿ ಬರಬೇಕು.

ಒಂದೂವರೆ ವರ್ಷ ಕಳೆದ ಮೇಲೆ ಸಿನಿಮಾ ಹೊರಗೆ ಬಂತು. ಗೋಕಾಕದಲ್ಲಿ ನಾಲ್ಕೇ ದಿನ. ಭೀಮೇಶ ಫೋನು ಮಾಡಿದಾಗ ಅವನ ಧ್ವನಿ ಸೋತಿತ್ತು. "ಮಂದಿ ಬರ್ಲಿಲ್ಲ ಆಯಿ."

"ಹೆಣ್ಮಕ್ಕಳ ಎಷ್ಟ ಮಂದಿ ಇದ್ರು?"

"ಇಬ್ರು. ಇಬ್ರೂ ಮೊಬೈಲ್ ನೋಡಾಕತ್ತಿದ್ರು. ಇನ್ನ ಹುಕ್ಕೇರ್ಯಾಗ ಮೂರ ದಿನ, ಅಷ್ಟ. ಆಮ್ಯಾಲೆ ಪೆಟ್ಟಿಗಿ ಕಟ್ಟೂದ."

ಮೂರು ದಿನ. ಅಷ್ಟರೊಳಗೆ ಆ ಹಾಡಿಗೆ ಯಾರಾದರೂ ಸೊಲ್ಲು ಹಿಡಿಯಬೇಕು. ಇಲ್ಲದಿದ್ದರೆ ಅದು ಸೊಲ್ಲಿಲ್ಲದೆ ಪೆಟ್ಟಿಗೆಯೊಳಗೆ ಹೋಗುತ್ತದೆ. ಸೀತವ್ವ ಕುರಿ ಕಾಯಲು ಮೈದುನ ಸಿದ್ರಾಯನಿಗೆ ಹೇಳಿ, ಗಂಡನನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ದಾನೇಶ್ವರಿಗೂ ಬಾ ಅಂದಿದ್ದಳು.

ಹುಕ್ಕೇರಿಯಲ್ಲಿ ಅಂದು ಸಂತೆ. ಅದರ ಮೇಲೆ ಪಂಚಮಿ ಹಬ್ಬ ಮುಗಿದ ವಾರ. ತವರಿಗೆ ಬಂದ ಹೆಣ್ಣುಮಕ್ಕಳು ಇನ್ನೇನು ಗಂಡನ ಮನೆಗೆ ಹೊರಡಬೇಕು, ಮನೆ ಮನೆಯಲ್ಲಿ ಉಂಡಿಯ ಡಬ್ಬಿ ಕಟ್ಟಿ ಇಟ್ಟಿದ್ದಾರೆ. ಆ ಹೊತ್ತಿನಲ್ಲಿ ಉದ್ದಪ್ಪ ಎಂಬ ಆಟೋದವನು ಮೈಕು ಕಟ್ಟಿಕೊಂಡು ಸಿನಿಮಾ ಸಾರುತ್ತ ತಿರುಗುತ್ತಿದ್ದ. ಅವನು ಸಿನಿಮಾ ನೋಡಿರಲಿಲ್ಲ. ಭೀಮೇಶ ಕೊಟ್ಟ ಹಾಡುಗಳಲ್ಲಿ ಮೈಕಿಗೆ ಗಟ್ಟಿ ಕೇಳುವುದು ಇದೊಂದೇ ಎಂದು ಸೀತವ್ವನ ಹಾಡನ್ನೇ ಹಚ್ಚಿದ್ದ. ಪೂರ್ತಿ ಅಲ್ಲ, "ತೆಪ್ಪ ಬಂದೈತಿ, ಏರ ನನ ಮಗಳ", ಅಷ್ಟೇ. ನಡುವೆ ತನ್ನ ಮಾತು: "ಮಗಳನ್ನ ಒಪ್ಪಿಸಿ ಕಳಿಸುವ ಕುಟುಂಬದ ಸಿನಿಮಾ. ಲಗೂನ ಬರ್ರಿ."

ಕೇಳಿದವರೆಲ್ಲ ಮದುವೆಯ ಸಿನಿಮಾ ಎಂದೇ ತಿಳಿದರು. ಮಧ್ಯಾಹ್ನದ ಆಟಕ್ಕೆ ಸೀತವ್ವ ಟಾಕೀಸಿನ ಮುಂದೆ ಬಂದು ನಿಂತರೆ, ಹಸಿರು ಬಳೆಯ ಹೊಸ ಮದುವಣಗಿತ್ತಿಯರು ಸಾಲು ಹಚ್ಚಿದ್ದಾರೆ. ಇವರ ಕಣ್ಣ ಮುಂದೆ ಒಬ್ಬ ಹೊಸ ಹೆಂಡತಿ ಸಾಯುವುದು ಬರುತ್ತದೆ. ಒಂದು ಹುಡುಗಿಯ ಭಾರ ಹೊರಲಾರದವಳ ತಲೆಯ ಮೇಲೆ ಈಗ ಇಡೀ ಹುಕ್ಕೇರಿಯ ಹೆಣ್ಣುಮಕ್ಕಳು.

ಬಾಜೂ ಖುರ್ಚಿಯಲ್ಲಿ ಕಾಶೆವ್ವ ಎಂಬ ದಪ್ಪನೆಯ ಹೆಂಗಸು, ಹೊಸದಾಗಿ ಲಗ್ನವಾದ ಮಗಳ ಜೊತೆ ಬಂದು ಕೂತಳು. ಡಬ್ಬಿ ಬಿಚ್ಚಿ ಸೀತವ್ವನಿಗೆ ಶೇಂಗಾ ಉಂಡಿ ಕೊಟ್ಟು ಹೇಳಿದಳು: "ತಗೋರಿ. ನಾಡದ ಇಕಿನ್ನ ಕಳಸ್ಬೇಕ್ರಿ. ಅದಕ್ಕ ಒಂದ ಚಲೋ ಮದಿವಿ ಸಿನಿಮಾ ತೋರಿಸಿ ಕಳಸೂಣು ಅಂತ."

ಸೀತವ್ವ ಉಂಡಿ ಕೈಯಲ್ಲಿ ಹಿಡಿದಳು. ತಿನ್ನಲಾಗಲಿಲ್ಲ. ಆಚೆ ಕಡೆ ಕೂತ ದಾನೇಶ್ವರಿ, ಮುಖಕ್ಕೆ ಸೆರಗು ಮರೆ ಮಾಡಿಕೊಂಡು, ತನ್ನ ಪಾಲಿನದನ್ನು ಕಟಕಟ ಕಡಿಯುತ್ತಿದ್ದಳು.

ಮೊದಲ ಒಂದು ತಾಸು ಜನ ನಕ್ಕರು. ಮಾಸ್ತರ ಹೆಂಡತಿಗೆ ಸೈಕಲ್ಲು ಕಲಿಸುವುದು, ಅವಳು ಅವನನ್ನೇ ಹೊಂಡಕ್ಕೆ ಕೆಡವುವುದು. ಆಮೇಲೆ ಜ್ವರ ಬಂತು. ಆಮೇಲೆ ಮರಳಿನ ಮೇಲೆ ಹಸಿರು ಸೀರೆ.

"ಇದೇನ ಅವ್ವಾ, ಮದಿವಿ ಅಂದ್ರು," ಅಂತ ಕಾಶೆವ್ವ ಮಗಳ ಕೈ ಹಿಡಿದುಕೊಂಡಳು. ಹಿಂದೆ ಯಾರೋ ಎದ್ದು ನಿಂತ ಸಪ್ಪಳ. ಆಗ ಪರದೆಯ ಮೇಲೆ ಸೀತವ್ವನ ಧ್ವನಿ ಎದ್ದಿತು. ಮೊದಲ ನುಡಿ ಮುಗಿಯಿತು. ಖಾಲಿ ಜಾಗ. ಗಾಳಿಯ ಸಪ್ಪಳ.

ಎರಡನೆಯ ನುಡಿ:

ಆಚೀ ದಂಡ್ಯಾಗ ನಿನ್ನ ಹೊಸ್ತಿಲ ತೊಳದಾರ,
ಬಲಗಾಲ ಮುಂದಿಡು, ಹಿಂದ ನೋಡಬ್ಯಾಡ.
ತೆಪ್ಪ ಬಂದೈತಿ, ಏರ ನನ ಮಗಳ.

ಮತ್ತೆ ಖಾಲಿ ಜಾಗ.

"ತೆಪ್ಪ ಬಂದೈತಿ," ಅಂದಿತು ಬಾಜೂ ಖುರ್ಚಿ. ಕಾಶೆವ್ವನ ಬಾಯಲ್ಲಿ ಇನ್ನೂ ಅರ್ಧ ಉಂಡಿ ಇತ್ತು. ಹಾಡಬೇಕೆಂದು ಹಾಡಿದವಳಲ್ಲ. ಒಪ್ಪಿಸುವ ಹಾಡು ಎದುರಿಗೆ ಸೊಲ್ಲಿಲ್ಲದೆ ನಿಂತಿದೆ, ಬಾಯಿ ತಾನಾಗಿ ತೆರೆಯಿತು. "ಏರ ನನ ಮಗಳ," ಎಂದು ಮುಂದಿನ ಸಾಲಿನಿಂದ ಇಬ್ಬರು ಪೂರೈಸಿದರು. ಮೂರನೆಯ ನುಡಿಗೆ ಅರ್ಧ ಟಾಕೀಸು. ನಾಲ್ಕನೆಯದಕ್ಕೆ ಎದ್ದು ನಿಂತಿದ್ದವರೂ ಕೂತು ಹಾಡಿದರು. ಪರದೆಯ ಮೇಲೆ ಹಾಡು ಮುಗಿದು ಮಾಸ್ತರ ಏನೋ ಹೇಳತೊಡಗಿದ, ಯಾರಿಗೂ ಕೇಳಲಿಲ್ಲ. ಹೆಣ್ಣು ಹೊಸ್ತಿಲು ದಾಟುವವರೆಗೆ ಸೊಲ್ಲು ಬಿಡುವ ರೂಢಿ ನಮ್ಮಲ್ಲಿಲ್ಲ. ಯಂತ್ರದ ಕೋಣೆಯವನು ಸೋತು ಸಿನಿಮಾ ನಿಲ್ಲಿಸಿ ಕಾದ.

ಸೀತವ್ವ ಹಾಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿದಳು. ಅದುವರೆಗೂ ಕೈಯಲ್ಲೇ ಇದ್ದ ಉಂಡಿಯನ್ನು ಬಾಯಿಗೆ ಹಾಕಿಕೊಂಡಳು.

ಆಟ ಮುಗಿದು ಲೈಟು ಹತ್ತಿದಾಗ ಕಾಶೆವ್ವ ಹೊರಳಿ ನೋಡಿ ದಂಗಾದಳು. "ಅಯ್ಯ, ನಾವು ಕಳಸಿದಾಕಿ ಇಲ್ಲೇ ಕುಂತಾಳಲ್ಲ."

"ಉಂಡಿ ಭಾಳ ಚಲೋ ಅದಾವ್ರಿ," ಅಂದಳು ದಾನೇಶ್ವರಿ.

"ಸೆರಗ ಹಿಡಿ," ಎಂದು ಕಾಶೆವ್ವ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಅವಳ ಉಡಿಗೆ ಸುರಿದಳು. ಪರದೆಯ ಮೇಲೆ ಹೆಸರುಗಳು ಹೋಗುತ್ತಿದ್ದವು. ದಾನೇಶ್ವರಿ ಒಂದು ಸಾಲನ್ನು ಗಟ್ಟಿಯಾಗಿ ಓದಿದಳು: "ಕಳಿಸಿಕೊಟ್ಟಾಕಿ, ಸೀತವ್ವ." ಹಾಗೆಂದೇ ಬರೆಯಬೇಕೆಂದು ಭೀಮೇಶನ ಹತ್ತಿರ ಹಟ ಹಿಡಿದವಳು ದಾನೇಶ್ವರಿಯೇ.

ಸಂಜೆಯ ಬಸ್ಸಿನಲ್ಲಿ ಮಾಲಿಂಗಪ್ಪ ಅಂದ: "ಮೂರ ದಿನದ ಸಿನಿಮಾ. ಮುಂದಿನ ಸಂತಿಗೆ ಯಾರಿಗೂ ನೆನಪಿರೂದಿಲ್ಲ."

"ಇಲ್ಲದಿದ್ರ ಇಲ್ಲ. ನನ್ನ ಹಾಡಿಗೆ ಹುಕ್ಕೇರಿ ಸೊಲ್ಲ ಹಿಡಿದೈತಿ," ಅಂದಳು ಸೀತವ್ವ, ಮುಂದಿನ ಎರಡು ಸೀಟಿಗೆ ಕೇಳುವಂತೆ.

ಮುಂದಿನ ಸೋಮವಾರ ಅವಳು ಫೋನು ಮಾಡಲಿಲ್ಲ. ಮಧ್ಯಾಹ್ನಕ್ಕೆ ದಾನೇಶ್ವರಿಯೇ ಮಾಡಿದಳು. "ಯಾಕ ಆಯಿ, ಉಂಡ್ಯಾ ಅಂತ ಕೇಳ್ಲಿಲ್ಲ?"

"ಒಪ್ಪಿಸಿ ಕೊಟ್ಟ ಮಗಳಿಗೆ ವಾರಾ ವಾರಾ ಫೋನ್ ಮಾಡೂದಿಲ್ಲ ನಾವು," ಅಂದಳು ಸೀತವ್ವ. "ಇಡು. ಕುರಿ ಹಳ್ಳದ ಆಚೀಗಿ ನಿಂತಾವ, ಕರೀಬೇಕು."